ಮೆಕ್ಕೆಜೋಳದ ರೇಟು ದೆಹಲಿಯಲ್ಲಿ ಯಾರ ಕೈಯಲ್ಲಿದೆ?

ಓದುಗರ ಪತ್ರ:

"ಸಂಪಾದಕರೇ, ನಾನು ಜಗಳೂರು ತಾಲ್ಲೂಕಿನ ರೈತ. ಈ ಸಲ ಮೆಕ್ಕೆಜೋಳಕ್ಕೆ 2,400 ರೂಪಾಯಿ ಬೆಂಬಲ ಬೆಲೆ ಅಂತ ಸರ್ಕಾರ ಹೇಳಿತ್ತು. ದಾವಣಗೆರೆ ಎಪಿಎಂಸಿಗೆ ಹೊಡೆದುಕೊಂಡು ಬಂದರೆ 1,700ಕ್ಕೆ ಕೇಳಿದರು. ಎಥೆನಾಲ್‌ಗೆ ಬೇಡಿಕೆ ಇದೆ, ಮೆಕ್ಕೆಜೋಳ ಹಾಕಿ ಅಂದಿದ್ದೂ ಸರ್ಕಾರವೇ. ಈಗ ಅಮೆರಿಕದ ಮಾಲು ಬರುತ್ತೆ ಅಂತ ಹೆದರಿಸ್ತಾರೆ. ಇದನ್ನೆಲ್ಲ ನಿಜವಾಗಿ ಯಾರು ತೀರ್ಮಾನ ಮಾಡ್ತಾರೆ? ಪ್ರಧಾನಿ ಒಬ್ಬರೇನಾ, ಇಲ್ಲ ಅಧಿಕಾರಿಗಳಾ? ನಮ್ಮಂಥವರು ಎಲ್ಲಿ ಹೋಗಿ ಮಾತಾಡಬೇಕು? ಓಟು ಹಾಕೋದು ಬಿಟ್ಟು ಬೇರೆ ಏನಾದ್ರೂ ಇದೆಯಾ?"

ಸಂಪಾದಕರ ಉತ್ತರ:

ನಮಸ್ಕಾರ. ಬೆಂಬಲ ಬೆಲೆ ಕೇಂದ್ರದ್ದು, ಖರೀದಿ ರಾಜ್ಯದ್ದು, ಇಬ್ಬರೂ ಒಬ್ಬರ ಮೇಲೊಬ್ಬರು ಹಾಕ್ತಾರೆ ಅಂತ ಬರೆದು ನಿಮ್ಮ ಪತ್ರಕ್ಕೆ ಎರಡೇ ಸಾಲಿನಲ್ಲಿ ಉತ್ತರ ಮುಗಿಸಬಹುದಿತ್ತು. ಆದರೆ ನೀವು ಕೇಳಿರುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ದೇಶದ ಸರ್ಕಾರ ಒಂದು ತೀರ್ಮಾನಕ್ಕೆ ಹೇಗೆ ಬರುತ್ತದೆ, ಅಲ್ವಾ? ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಮೊದಲು ನೇರ ಉತ್ತರ. ಇದು ಯಾರೋ ಒಬ್ಬರ ಕೈಯಲ್ಲಿಲ್ಲ. ನಿಮ್ಮ ಮೆಕ್ಕೆಜೋಳದ ಬೆಲೆಯನ್ನು ದೆಹಲಿಯಲ್ಲಿ ಐದಾರು ಸಚಿವಾಲಯಗಳು ಅಲುಗಾಡಿಸುತ್ತವೆ. ಅವುಗಳಲ್ಲಿ ಹೆಚ್ಚಿನವರು ಹಾಗೆ ಮಾಡುವಾಗ ಮೆಕ್ಕೆಜೋಳ ಬೆಳೆಯುವವನನ್ನು ನೆನೆಸಿಕೊಳ್ಳುವುದೇ ಇಲ್ಲ. ಒಬ್ಬರಿಗೆ ಪೆಟ್ರೋಲ್ ಆಮದಿನ ಖರ್ಚಿನ ಚಿಂತೆ. ಇನ್ನೊಬ್ಬರಿಗೆ ಗೋದಾಮಿನಲ್ಲಿ ತುಂಬಿದ ಅಕ್ಕಿಯದು. ಮತ್ತೊಬ್ಬರಿಗೆ ಮೊಟ್ಟೆಯ ಬೆಲೆ, ಮಗದೊಬ್ಬರಿಗೆ ವಾಷಿಂಗ್ಟನ್. ಇವೆಲ್ಲ ಸೇರಿ ಕೊನೆಗೆ ದಾವಣಗೆರೆ ಯಾರ್ಡಿನಲ್ಲಿ ಒಂದು ರೇಟಾಗಿ ನಿಮ್ಮ ಮುಂದೆ ನಿಲ್ಲುತ್ತವೆ.

ಕಳೆದ ಕೆಲವು ವರ್ಷ ಏನಾಯಿತು ಅಂತ ಒಂದೊಂದಾಗಿ ನೋಡೋಣ. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್, ಅಂದರೆ ಬೆಳೆಯಿಂದ ತೆಗೆಯುವ ಮದ್ಯಸಾರ, ಬೆರೆಸಬೇಕು ಅನ್ನುವುದು 2018ರ ಜೈವಿಕ ಇಂಧನ ನೀತಿಯ ಗುರಿ. ಅದಕ್ಕೆ ಮೊದಲು ಇಟ್ಟಿದ್ದ ಗಡುವು 2030. 2022ರಲ್ಲಿ ಕೇಂದ್ರ ಸಂಪುಟ ಅದನ್ನು 2025-26ಕ್ಕೆ ಹಿಂದಕ್ಕೆ ತಂದಿತು. ಕಚ್ಚಾ ತೈಲಕ್ಕೆ ಕೊಡುವ ಡಾಲರ್ ಉಳಿಸುವುದು ಇದರ ಮುಖ್ಯ ಉದ್ದೇಶ, ಮುಂದೆ ನಿಂತವರು ಪೆಟ್ರೋಲಿಯಂ ಸಚಿವಾಲಯದವರು. ಆಗ ಎಥೆನಾಲ್ ಅಂದರೆ ಮುಖ್ಯವಾಗಿ ಕಬ್ಬು, ಜೊತೆಗೆ ಭಾರತೀಯ ಆಹಾರ ನಿಗಮದ ಅಕ್ಕಿ.

2023ರಲ್ಲಿ ಮಳೆ ಕೈಕೊಟ್ಟಿತು, ನಮ್ಮ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಅಕ್ಕಿ ಬೆಲೆ ಏರುತ್ತದೆ ಅನ್ನುವ ಭಯಕ್ಕೆ ಆ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದರು. ಎಥೆನಾಲ್‌ಗೆ ಕೊಡುತ್ತಿದ್ದ ಸರ್ಕಾರಿ ಅಕ್ಕಿಯನ್ನೂ ನಿಲ್ಲಿಸಿದರು. ಡಿಸೆಂಬರಿನಲ್ಲಿ ಸಕ್ಕರೆ ಕಡಿಮೆ ಬೀಳುತ್ತದೆ ಅಂತ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೂ ತಡೆ ಬಿತ್ತು. ಹೀಗೆ ಕಬ್ಬು, ಅಕ್ಕಿ ಎರಡಕ್ಕೂ ಕಡಿವಾಣ ಬಿತ್ತು, ಗುರಿ ಮಾತ್ರ ಹಾಗೇ ಇತ್ತು. ಉಳಿದದ್ದು ಮೆಕ್ಕೆಜೋಳ. 2024ರ ಜನವರಿಯಲ್ಲಿ ತೈಲ ಕಂಪನಿಗಳು ಮೆಕ್ಕೆಜೋಳದ ಎಥೆನಾಲ್‌ಗೆ ಕೊಡುವ ದರವನ್ನು ಲೀಟರಿಗೆ 71 ರೂಪಾಯಿ 86 ಪೈಸೆಗೆ ಏರಿಸಿದವು. ನೋಡನೋಡುತ್ತಿದ್ದಂತೆ ಎಥೆನಾಲ್ ಕಚ್ಚಾ ಮಾಲಿನಲ್ಲಿ ಮೆಕ್ಕೆಜೋಳವೇ ಮೊದಲ ಸ್ಥಾನಕ್ಕೆ ಬಂತು.

ಬೆಲೆ ಏರಿತು, ನಿಮಗೆ ಖುಷಿಯಾಯಿತು. ಕೋಳಿ ಸಾಕುವವರಿಗೆ ಸಂಕಟ ಶುರುವಾಯಿತು. ಕೋಳಿ ಆಹಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಮೆಕ್ಕೆಜೋಳವೇ. ಅವರು ದೆಹಲಿಗೆ ಹೋಗಿ ಆಮದಿಗೆ ಅವಕಾಶ ಕೊಡಿ ಅಂತ ಕೂತರು. ಅವರನ್ನು ನಾನು ದೂರುವುದಿಲ್ಲ, ಅವರ ಹೊಟ್ಟೆಪಾಡಿನ ಪ್ರಶ್ನೆ ಅದು. ಮೆಕ್ಕೆಜೋಳದ ಆಮದು ಸುಂಕ ಶೇ 50. ಆದರೆ ಒಂದು ಮಿತಿಯೊಳಗೆ, ಅನುಮತಿ ಪಡೆದು ತಂದರೆ ಶೇ 15 ಕಟ್ಟಿದರೆ ಸಾಕು. ಆ ಬಾಗಿಲನ್ನು 2024ರ ಜೂನ್‌ನಲ್ಲಿ ಸುಮಾರು 5 ಲಕ್ಷ ಟನ್‌ಗೆ ತೆರೆದರು. ಒಂದು ಕಾಲಕ್ಕೆ ಬಾಂಗ್ಲಾದೇಶ, ವಿಯೆಟ್ನಾಂಗೆ ಮೆಕ್ಕೆಜೋಳ ಕಳಿಸುತ್ತಿದ್ದ ದೇಶ ಆ ವರ್ಷ ಮ್ಯಾನ್ಮಾರ್‌ನಿಂದ, ಉಕ್ರೇನ್‌ನಿಂದ ತರಿಸಿಕೊಂಡಿತು.

ಆಮೇಲೆ ಮಳೆ ಚೆನ್ನಾಗಿ ಆಯಿತು. ಕಬ್ಬಿನ ಮೇಲಿನ ತಡೆ ತೆಗೆದರು. ಗೋದಾಮಿನಲ್ಲಿ ಅಕ್ಕಿ ತುಂಬಿ ತುಳುಕಿತು. 2025ರ ಜನವರಿಯಲ್ಲಿ ಎಥೆನಾಲ್ ಕಾರ್ಖಾನೆಗಳಿಗೆ ಕೊಡುವ ಸರ್ಕಾರಿ ಅಕ್ಕಿಯ ದರವನ್ನು ಕ್ವಿಂಟಲಿಗೆ 2,800ರಿಂದ 2,250ಕ್ಕೆ ಇಳಿಸಿದರು. ಅಕ್ಕಿಯೇ ಈ ದರಕ್ಕೆ ಸಿಗುವಾಗ ಕಾರ್ಖಾನೆಯವನು ನಿಮ್ಮ ಮೆಕ್ಕೆಜೋಳಕ್ಕೆ ಯಾಕೆ ಜಾಸ್ತಿ ಕೊಡುತ್ತಾನೆ? ಇತ್ತ ಹಿಂದಿನ ಬೆಲೆ ನೋಡಿ ದೇಶದ ತುಂಬ ಮೆಕ್ಕೆಜೋಳದ ಬಿತ್ತನೆ ಹೆಚ್ಚಾಗಿತ್ತು. ಒಕ್ಕಣೆ ಹೊತ್ತಿಗೆ ಬೆಲೆ ಕುಸಿಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಅಕ್ಕಿ ದರ ಇಳಿಸಿದವರು ಆಹಾರ ಇಲಾಖೆಯವರು, ಅವರ ಕೆಲಸ ಗೋದಾಮು ಖಾಲಿ ಮಾಡುವುದು. ಅವರ ಮಟ್ಟಿಗೆ ಅದು ಸರಿಯಾದ ಲೆಕ್ಕವೇ. ಸುಂಕದ ಬಾಗಿಲು ತೆರೆದವರದ್ದೂ ಅವರ ಮಟ್ಟಿಗೆ ಸರಿ. ನನ್ನ ತಕರಾರು ಇರುವುದು ಇಲ್ಲೇ. ಪ್ರತಿಯೊಬ್ಬರ ಲೆಕ್ಕವೂ ಸರಿ ಇದ್ದು ಒಟ್ಟು ಲೆಕ್ಕ ಜಗಳೂರಿನ ರೈತನ ತಲೆ ಮೇಲೆ ಬೀಳುವಾಗ, ಆ ಒಟ್ಟು ಲೆಕ್ಕಕ್ಕೆ ಉತ್ತರ ಹೇಳುವ ಒಂದು ಕುರ್ಚಿಯೂ ದೆಹಲಿಯಲ್ಲಿಲ್ಲ. ಕೃಷಿ ಸಚಿವಾಲಯವೇ ಆ ಕುರ್ಚಿಯಾಗಬೇಕಿತ್ತು. ಆದರೆ ಸುಂಕವೂ ಅದರ ಕೈಯಲ್ಲಿಲ್ಲ, ಎಥೆನಾಲ್ ದರವೂ ಇಲ್ಲ, ಅಕ್ಕಿ ಗೋದಾಮೂ ಇಲ್ಲ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೃಷಿ ರಾಜ್ಯಗಳ ಪಟ್ಟಿಯಲ್ಲಿದೆ. ವಿದೇಶ ವ್ಯಾಪಾರ, ಆಮದು ಸುಂಕ, ಒಪ್ಪಂದಗಳು ಕೇಂದ್ರದ ಪಟ್ಟಿಯಲ್ಲಿವೆ. ಬೆಳೆಯುವುದು ಒಂದು ಸರ್ಕಾರದ ವಿಷಯ, ಬೆಲೆ ಇನ್ನೊಂದು ಸರ್ಕಾರದ ವಿಷಯ ಅನ್ನುವ ಪರಿಸ್ಥಿತಿ. 2025ರ ನವೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮೆಕ್ಕೆಜೋಳ ಖರೀದಿ ಮಾಡಿಸಿ ಅಂತ ಪ್ರಧಾನಿಗೆ ಪತ್ರ ಬರೆಯಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ಈಗ ತೀರ್ಮಾನ ಹೇಗೆ ಆಗುತ್ತದೆ ಅನ್ನುವುದಕ್ಕೆ ಬರೋಣ. ಯಾವುದೋ ಸಚಿವಾಲಯ ಹೊಸದೇನಾದರೂ ಮಾಡಬೇಕು ಅಂದುಕೊಂಡರೆ ಮೊದಲು ಒಂದು ಕರಡು ಟಿಪ್ಪಣಿ ತಯಾರಾಗುತ್ತದೆ. ಕ್ಯಾಬಿನೆಟ್ ನೋಟ್ ಅನ್ನುತ್ತಾರೆ. 1961ರ ಕಾರ್ಯಕಲಾಪ ನಿಯಮಗಳ ಪ್ರಕಾರ ಅದು ಸಂಬಂಧಪಟ್ಟ ಬೇರೆ ಸಚಿವಾಲಯಗಳಿಗೆಲ್ಲ ಸುತ್ತಿ ಬರಬೇಕು. ದುಡ್ಡು ಖರ್ಚಾಗುವುದಿದ್ದರೆ ಹಣಕಾಸು ಸಚಿವಾಲಯ ನೋಡದೆ ಮುಂದಕ್ಕೆ ಹೋಗುವಂತಿಲ್ಲ. ಬೇರೆ ದೇಶದ ಸಂಗತಿ ಇದ್ದರೆ ವಿದೇಶಾಂಗದವರು ನೋಡುತ್ತಾರೆ. ಒಬ್ಬರಿಗೊಬ್ಬರು ಒಪ್ಪದಿದ್ದರೆ ಸಂಪುಟ ಕಾರ್ಯದರ್ಶಿ ಎಲ್ಲ ಕಾರ್ಯದರ್ಶಿಗಳನ್ನು ಕೂರಿಸಿಕೊಂಡು ಹೊಂದಿಸುತ್ತಾರೆ. ಆಮೇಲೆ ಅದು ಸಂಪುಟಕ್ಕೋ, ಪ್ರಧಾನಿ ಅಧ್ಯಕ್ಷತೆಯ ಆರ್ಥಿಕ ವ್ಯವಹಾರಗಳ ಸಂಪುಟ ಸಮಿತಿಗೋ ಹೋಗುತ್ತದೆ. ಪ್ರಧಾನಿ ಕಚೇರಿಯ ಒಲವು ಎತ್ತ ಇದೆ ಅನ್ನುವುದು ಇದರ ಪ್ರತಿ ಹಂತದಲ್ಲೂ ಲೆಕ್ಕಕ್ಕೆ ಬರುತ್ತದೆ, ಅದನ್ನು ಮುಚ್ಚಿಡುವುದು ಬೇಡ. ತುರ್ತು ಬಿದ್ದರೆ ಪ್ರಧಾನಿ ಈ ನಿಯಮಗಳನ್ನೇ ಬದಿಗಿಡಬಹುದು, ಅದಕ್ಕೂ ಆ ನಿಯಮಗಳಲ್ಲೇ ಅವಕಾಶವಿದೆ.

ಎಲ್ಲವೂ ಸಂಪುಟಕ್ಕೆ ಹೋಗುವುದೂ ಇಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಸುಂಕ ಇಳಿಸಲು ಹಣಕಾಸು ಸಚಿವಾಲಯದ ಒಂದು ಅಧಿಸೂಚನೆ ಸಾಕು. ಸಂಸತ್ತಿನ ಮುಂದೆ ಅದನ್ನು ಇಡುವುದು ಆಮೇಲೆ. ನಮ್ಮ ಚಳ್ಳಕೆರೆಯ ಎಣ್ಣೆ ಮಿಲ್ಲಿನವರನ್ನು ಕೇಳಿ, ಅವರಿಗೆ ಇದು ಚೆನ್ನಾಗಿ ಗೊತ್ತು. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿದರು. ಶೇಂಗಾ ಬೆಳೆಗಾರರಿಗೆ ಸ್ವಲ್ಪ ಧೈರ್ಯ ಬಂತು. 2025ರ ಮೇ ಕೊನೆಯಲ್ಲಿ, ಇನ್ನೇನು ಮುಂಗಾರು ಬಿತ್ತನೆ ಶುರುವಾಗಬೇಕು ಅನ್ನುವಾಗ, ಅಡುಗೆ ಎಣ್ಣೆ ದುಬಾರಿಯಾಯಿತು ಅಂತ ಅದನ್ನು ಶೇ 10ಕ್ಕೆ ಇಳಿಸಿದರು. ಬೀಜ ತಂದಿಟ್ಟುಕೊಂಡವನು ಏನು ಮಾಡಬೇಕು? ಬೇಕಾದರೆ ಸುಂಕ ಬದಲಾಯಿಸಲಿ, ಆದರೆ ಬಿತ್ತನೆಗೆ ಮೂರು ತಿಂಗಳು ಮೊದಲೇ ಹೇಳಲಿ. ಇಷ್ಟು ಕೇಳುವುದು ಅತಿಯಾಸೆ ಅಂತ ನನಗೆ ಅನಿಸುವುದಿಲ್ಲ.

ಬೆಂಬಲ ಬೆಲೆಯ ದಾರಿಯೇ ಬೇರೆ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಅಂತ ದೆಹಲಿಯಲ್ಲಿದೆ, 1965ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು. ಅದು ಶಿಫಾರಸು ಮಾಡುತ್ತದೆ, ತೀರ್ಮಾನ ಆರ್ಥಿಕ ವ್ಯವಹಾರಗಳ ಸಂಪುಟ ಸಮಿತಿಯದು. 2025-26ಕ್ಕೆ ಮೆಕ್ಕೆಜೋಳ ಬೆಳೆಯುವ ಖರ್ಚು ಕ್ವಿಂಟಲಿಗೆ 1,508 ರೂಪಾಯಿ ಅಂತ ಲೆಕ್ಕ ಹಾಕಿ 2,400 ಘೋಷಿಸಿದರು. ಆ ಖರ್ಚಿನಲ್ಲಿ ಬೀಜ, ಗೊಬ್ಬರ, ಕೂಲಿ, ಮನೆಯವರ ದುಡಿಮೆ ಸೇರಿವೆ. ನಿಮ್ಮ ಸ್ವಂತ ಹೊಲಕ್ಕೆ ಬಾಡಿಗೆ ಅಂತ ಏನೂ ಹಿಡಿದಿಲ್ಲ. ಎಲ್ಲಕ್ಕಿಂತ ಮುಖ್ಯ, ಈ 2,400ಕ್ಕೆ ಕಾನೂನಿನ ಬಲ ಇಲ್ಲ. ಅಕ್ಕಿ, ಗೋಧಿಯನ್ನು ಸರ್ಕಾರ ಪಡಿತರಕ್ಕೆ ಅಂತ ರಾಶಿ ರಾಶಿ ಕೊಳ್ಳುತ್ತದೆ. ಮೆಕ್ಕೆಜೋಳ ಪಡಿತರದಲ್ಲಿ ಇಲ್ಲದ್ದರಿಂದ ಕೊಳ್ಳುವವರು ಕಡಿಮೆ. ಕೊಳ್ಳದ ಬೆಲೆಗೆ ಬೆಂಬಲ ಅಂತ ಹೆಸರಿಟ್ಟರೆ ಏನು ಬಂತು?

ಒಕ್ಕಣೆ ಕಾಲದಲ್ಲಿ ನಮ್ಮ ಯಾರ್ಡಿಗೆ ಯಾರಾದರೂ ದೆಹಲಿ ಅಧಿಕಾರಿ ಬಂದು ಒಂದು ಬೆಳಗ್ಗೆ ನಿಲ್ಲಬೇಕು. ಟ್ರ್ಯಾಕ್ಟರಿನಿಂದ ರಾಶಿ ಇಳಿಯುತ್ತದೆ. ದಲಾಲಿ ಅಂಗಡಿಯವರು ಒಂದು ಹಿಡಿ ಕಾಳು ತೆಗೆದು ಮಾಯಿಶ್ಚರ್ ಮೀಟರಿಗೆ ಹಾಕುತ್ತಾರೆ. 18 ತೋರಿಸುತ್ತದೆ. ಬೆಂಬಲ ಬೆಲೆ ಖರೀದಿಗೆ ತೇವಾಂಶ 14 ದಾಟುವಂತಿಲ್ಲ. ಒಣಗಿಸೋಣ ಅಂದರೆ ಊರಲ್ಲಿ ಕಣ ಉಳಿದಿಲ್ಲ, ಡಾಂಬರು ರಸ್ತೆಯ ಅಂಚೇ ಗತಿ. ಮೇಲೆ ಮೋಡ. ಟ್ರ್ಯಾಕ್ಟರ್ ಬಾಡಿಗೆ, ಹಮಾಲಿ ಬೇರೆ. ರೈತ ಕೇಳಿದ ರೇಟಿಗೆ ತಲೆಯಾಡಿಸುತ್ತಾನೆ. 2,400ರ ಕಡತದಲ್ಲಿ ಈ ಬೆಳಗ್ಗೆ ಎಲ್ಲೂ ಬರುವುದಿಲ್ಲ.

ಅಮೆರಿಕದ ವಿಷಯಕ್ಕೆ ಬರುತ್ತೇನೆ. ಹೆದರಿಕೆ ಪೂರ್ತಿ ಸುಳ್ಳಲ್ಲ. ಅಲ್ಲಿನ ವಾಣಿಜ್ಯ ಸಚಿವ ಹೊವಾರ್ಡ್ ಲಟ್ನಿಕ್ 2025ರ ಸೆಪ್ಟೆಂಬರಿನಲ್ಲಿ, 140 ಕೋಟಿ ಜನರಿರುವ ಭಾರತ ನಮ್ಮ ಮೆಕ್ಕೆಜೋಳ ಒಂದಿಷ್ಟೂ ಕೊಳ್ಳುವುದಿಲ್ಲ ಯಾಕೆ ಅಂತ ಬಹಿರಂಗವಾಗಿ ಕೇಳಿದರು. ಅದಕ್ಕೆ ಹಿಂದಿನ ತಿಂಗಳೇ ಅಮೆರಿಕದವರು ನಮ್ಮ ಸರಕುಗಳ ಮೇಲೆ ಶೇ 50ರ ಸುಂಕ ಹಾಕಿದ್ದರು, ಅದರಲ್ಲಿ ಅರ್ಧ ರಷ್ಯಾದಿಂದ ತೈಲ ಕೊಂಡದ್ದಕ್ಕೆ. ರೈತರ ಹಿತದ ವಿಷಯದಲ್ಲಿ ರಾಜಿ ಇಲ್ಲ ಅಂತ ಪ್ರಧಾನಿ ಮೋದಿ ಆ ಆಗಸ್ಟಿನಲ್ಲಿ ಹೇಳಿದರು. ಅಮೆರಿಕದ ಮೆಕ್ಕೆಜೋಳ ಬಹುಪಾಲು ಕುಲಾಂತರಿ, ಅಂದರೆ ವಂಶವಾಹಿ ತಿದ್ದಿದ ತಳಿ. ನಮ್ಮಲ್ಲಿ ವಾಣಿಜ್ಯವಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ 2002ರಲ್ಲಿ ಒಪ್ಪಿಗೆ ಸಿಕ್ಕ ಬಿಟಿ ಹತ್ತಿ ಒಂದೇ. ಇಂಥ ಒಪ್ಪಿಗೆ ಪರಿಸರ ಸಚಿವಾಲಯದ ಸಮಿತಿಯ ಮೂಲಕ ಬರಬೇಕು. ಆಹಾರವಾಗಿ ಆಮದಾಗುವ ಮೆಕ್ಕೆಜೋಳಕ್ಕೆ ಕುಲಾಂತರಿ ಅಲ್ಲ ಅನ್ನುವ ಪ್ರಮಾಣಪತ್ರವೂ ಬೇಕು. ಹಾಗಾಗಿ ತೈಲ, ವಿದೇಶಾಂಗ, ವಾಣಿಜ್ಯ, ಪರಿಸರ ಎಲ್ಲವೂ ನಿಮ್ಮ ಹೊಲದ ಬದುವಿನವರೆಗೆ ಬಂದು ನಿಂತಿವೆ.

ನಮ್ಮ ದೇಶದಲ್ಲಿ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಬೇಕು ಅನ್ನುವ ನಿಯಮ ಇಲ್ಲ. ಸಂಪುಟ ಒಪ್ಪಿದರೆ ಮುಗಿಯಿತು. ಇದು ಬದಲಾಗಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ, ಕನಿಷ್ಠ ಕೃಷಿಗೆ ಸಂಬಂಧಿಸಿದ ಒಪ್ಪಂದಗಳ ಮಟ್ಟಿಗಾದರೂ.

ಹಾಗಾದರೆ ನಮ್ಮಂಥವರ ಮಾತಿಗೆ ಬೆಲೆ ಇದೆಯಾ? ಇದೆ, ಹೊತ್ತು ನೋಡಿ ಆಡಿದರೆ. ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರದ ಆರ್‌ಸಿಇಪಿ ಒಪ್ಪಂದ ನೆನಪಿದೆಯಾ? ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಹಾಲಿನ ಪುಡಿ ಬಂದು ಬೀಳುತ್ತದೆ ಅಂತ ಹಾಲು ಒಕ್ಕೂಟಗಳು, ರೈತ ಸಂಘಗಳು ಸಹಿಗೆ ಮೊದಲೇ ಗಲಾಟೆ ಎಬ್ಬಿಸಿದವು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹೊರಗೆ ಬಂತು. ಮೂರು ಕೃಷಿ ಕಾಯ್ದೆಗಳದ್ದು ಇದಕ್ಕೆ ತದ್ವಿರುದ್ಧ. 2020ರ ಜೂನ್‌ನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಕಾಯ್ದೆ. ಮೊದಲೇ ಯಾರನ್ನೂ ಸರಿಯಾಗಿ ಕೇಳಲಿಲ್ಲ. ಅದನ್ನು ವಾಪಸ್ ತೆಗೆಸಲು ದೆಹಲಿಯ ಗಡಿಯಲ್ಲಿ ರೈತರು ಒಂದು ವರ್ಷ ಚಳಿ ಮಳೆಯಲ್ಲಿ ಕೂರಬೇಕಾಯಿತು, ಎಷ್ಟೋ ಜನ ಪ್ರಾಣ ಕಳೆದುಕೊಂಡರು. ಕರಡು ಹಂತದಲ್ಲಿ ಆಡಿದ ಮಾತಿಗೂ ಟಿವಿಯಲ್ಲಿ ಬಂದ ಮೇಲೆ ಆಡಿದ ಮಾತಿಗೂ ಇಷ್ಟು ವ್ಯತ್ಯಾಸ ಇದೆ.

ಅದಕ್ಕೇ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಸಲಹೆ ಹೀಗಿದೆ. ಮುಂಗಾರು ಬೆಳೆಗಳ ಬೆಂಬಲ ಬೆಲೆ ಬಿತ್ತನೆ ಹೊತ್ತಿಗೆ ಘೋಷಣೆಯಾಗುತ್ತದೆ, ಆದರೆ ಆಯೋಗ ರಾಜ್ಯಗಳಿಂದ, ರೈತ ಸಂಘಗಳಿಂದ ಲೆಕ್ಕ ಕೇಳುವುದು ಅದಕ್ಕೆ ಎಷ್ಟೋ ತಿಂಗಳು ಮುಂಚೆ. ನಮ್ಮಲ್ಲಿ ಕರ್ನಾಟಕ ಕೃಷಿ ಬೆಲೆ ಆಯೋಗವೂ ಇದೆ. ಸುಮ್ನೆ ಮನವಿ ಪತ್ರ ಕೊಟ್ಟು ಫೋಟೋ ತೆಗೆಸಿಕೊಂಡರೆ ಪ್ರಯೋಜನವಿಲ್ಲ. ಎಕರೆಗೆ ಬೀಜ ಎಷ್ಟು, ಗೊಬ್ಬರ ಎಷ್ಟು, ಕೂಲಿ ಎಷ್ಟು, ಯಾರ್ಡಿನಲ್ಲಿ ಸಿಕ್ಕಿದ್ದೆಷ್ಟು ಅನ್ನುವ ಲೆಕ್ಕ ರಸೀದಿ ಸಮೇತ ಕೊಟ್ಟರೆ ಅದನ್ನು ತಳ್ಳಿಹಾಕುವುದು ಕಷ್ಟ. ನಮ್ಮ ಸಂಸದರಿಗೆ ಭಾಷಣ ಮಾಡಿ ಅನ್ನುವ ಬದಲು ಒಂದು ಲಿಖಿತ ಪ್ರಶ್ನೆ ಕೇಳಿ ಅನ್ನಿ: ಎಥೆನಾಲ್‌ಗೆ ಅಗ್ಗದ ಅಕ್ಕಿ ಕೊಡುವ ಮೊದಲು ಮೆಕ್ಕೆಜೋಳ ಬೆಳೆಗಾರರ ಮೇಲೆ ಏನು ಪರಿಣಾಮ ಆಗುತ್ತದೆ ಅಂತ ಕೃಷಿ ಸಚಿವಾಲಯವನ್ನು ಕೇಳಿದ್ದೀರಾ, ಅವರು ಏನು ಹೇಳಿದರು? ಪ್ರಶ್ನೆ ಅಂಗೀಕಾರವಾದರೆ ಸಚಿವರು ಇದಕ್ಕೆ ಲಿಖಿತ ಉತ್ತರ ಕೊಡಬೇಕಾಗುತ್ತದೆ. ಸಂಸತ್ತಿನ ಸ್ಥಾಯಿ ಸಮಿತಿಗಳೂ ಹಲವು ಸಲ ಜನರಿಂದ ಲಿಖಿತ ಅಭಿಪ್ರಾಯ ಕರೆಯುತ್ತವೆ, ಅಲ್ಲಿಗೆ ಉದ್ಯಮದವರ ಕಾಗದ ತಪ್ಪದೆ ಹೋಗುತ್ತದೆ, ನಮ್ಮದು ಹೋಗುವುದು ಅಪರೂಪ.

ನೀವು ಈ ಸಲದ ಖರ್ಚಿನ ಲೆಕ್ಕ ಬರೆದಿಟ್ಟಿದ್ದರೆ ನಮಗೂ ಒಂದು ಪ್ರತಿ ಕಳಿಸಿ. ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ ಕಡೆಯ ಓದುಗರೂ ಕಳಿಸಲಿ. ದಲಾಲಿ ಅಂಗಡಿಯ ಪಟ್ಟಿ, ಟ್ರ್ಯಾಕ್ಟರ್ ಬಾಡಿಗೆ ಚೀಟಿ ಏನಿದ್ದರೂ ಸರಿ, ಮೊಬೈಲಿನಲ್ಲಿ ತೆಗೆದ ಫೋಟೋ ಆದರೂ ನಡೆಯುತ್ತದೆ. ಎಲ್ಲ ಸೇರಿಸಿ ಒಂದು ಕೋಷ್ಟಕ ಮಾಡಿ ಬೆಂಗಳೂರಿನ ಆಯೋಗಕ್ಕೂ ದೆಹಲಿಯ ಆಯೋಗಕ್ಕೂ ನಮ್ಮ ಪತ್ರಿಕೆಯ ಕಡೆಯಿಂದಲೇ ಕಳಿಸುತ್ತೇವೆ. ಅಲ್ಲಿಂದ ಬಂದ ಉತ್ತರವನ್ನು ಇದೇ ಪುಟದಲ್ಲಿ ಇದ್ದ ಹಾಗೆ ಅಚ್ಚು ಹಾಕುತ್ತೇವೆ, ಉತ್ತರ ಬಾರದಿದ್ದರೆ ಅದನ್ನೂ ಬರೆಯುತ್ತೇವೆ.