ವೈಲ್ಡ್ ಕಾರ್ಡ್ ಬೇಕು
ಸ್ಪೀಡ್‌ವೇ ಗ್ರ್ಯಾನ್ ಪ್ರಿಯಲ್ಲಿ, ಅಂದರೆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಆತಿಥೇಯ ದೇಶದ ಹುಡುಗನಿಗೆ ವೈಲ್ಡ್ ಕಾರ್ಡ್ (ಅರ್ಹತಾ ರೇಸು ಗೆಲ್ಲದೆಯೇ ಆ ಒಂದು ಸುತ್ತಿಗೆ ಸಿಗುವ ಅವಕಾಶ) ಕೊಡುವುದು ಅನ್ಯಾಯ ಅಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸಲ್ಲ. 500 ಸಿಸಿ ಬೈಕು, ಬ್ರೇಕೇ ಇಲ್ಲ. ಹಿಂದಿನ ಚಕ್ರ ಜಾರಿಸಿಯೇ ತಿರುಗಬೇಕು. ಆಗ ಆ ಟ್ರ್ಯಾಕಿನ ಮಣ್ಣಿನ ಗುಣ ಅಲ್ಲಿಯ ಹುಡುಗನಿಗೆ ಗೊತ್ತಿರುವುದು ದೊಡ್ಡ ವಿಷಯ. ನಮ್ಮ ಚಿಕ್ಕಮಗಳೂರಿನಲ್ಲಿ ಮಳೆ ನಿಂತ ಮೇಲೆ ತೋಟದ ದಾರಿಯಲ್ಲಿ ಬೈಕ್ ಓಡಿಸಿದವರಿಗೆ ಇದು ಗೊತ್ತು: ಮೇಲೆ ಒಣಗಿದ ಹಾಗೆ ಕಂಡರೂ ತಿರುವಿನ ಒಳಗಡೆ ಸುಮ್ನೆ ಜಾರುತ್ತದೆ.

ಬಾರ್ತೋಷ್ ಜ್ಮಾರ್ಜ್ಲಿಕ್‌ನನ್ನೇ ನೋಡಿ. 2014ರಲ್ಲಿ ಪೋಲೆಂಡಿನ ಗೊಝೂಫ್‌ನಲ್ಲಿ, ತನ್ನದೇ ಕ್ಲಬ್ಬಿನ ಟ್ರ್ಯಾಕಿನಲ್ಲಿ, ವೈಲ್ಡ್ ಕಾರ್ಡ್ ಆಗಿ ಬಂದು ಗೆದ್ದ. ಆಗ 19 ವರ್ಷ. 2019ರಲ್ಲಿ ವಿಶ್ವ ಚಾಂಪಿಯನ್! ಆದರೆ ಇಡೀ ಸೀಸನ್ನಿಗೆ ಆಯೋಜಕರೇ ಆರಿಸುವ ಸೀಟುಗಳು ಕಡಿಮೆಯಾಗಬೇಕು. ಅವು ಅರ್ಹತಾ ರೇಸು ಗೆದ್ದು ಬಂದವರಿಗೇ ಸಿಗಲಿ.