ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಆ್ಯಸಿಡ್ ಹಾಕಬಹುದಾ?

ಬಾತ್‌ರೂಮ್ ಟೈಲ್ಸ್, ನಲ್ಲಿ, ಶವರ್ ಮೇಲೆಲ್ಲ ಬಿಳಿ ಪದರ ಕಟ್ಟಿದೆ, ಆ್ಯಸಿಡ್ ಹಾಕಿ ತೊಳೆಯಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ಅದು ಕೊಳೆ ಅಲ್ಲ, ಸುಣ್ಣದ ಅಂಶ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುತ್ತವೆ, ನೀರು ಆರಿದ ಮೇಲೆ ಅವು ಅಲ್ಲೇ ಉಳಿದು ಗಟ್ಟಿಯಾಗುತ್ತವೆ, ಅದಕ್ಕೇ ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹುಳಿಗೆ ಮಾತ್ರ ಕರಗುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ, ಅರ್ಧ ಗಂಟೆ ಬಿಟ್ಟು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ನಿಂಬೆಹಣ್ಣೂ ಆಗುತ್ತದೆ. ಹಳೆ ಕಲೆಯಾದರೆ ಎರಡು ಮೂರು ಸಲ ಮಾಡಬೇಕು. ಶವರ್ ತೂತು ಮುಚ್ಚಿದ್ದರೆ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿಡಿ.

ಆ್ಯಸಿಡ್ ಹಾಕಿದರೆ ಕಲೆ ಬೇಗ ಹೋಗುತ್ತದೆ ನಿಜ, ಆದರೆ ಟೈಲ್ಸ್ ಸಂದಿಯ ಸಿಮೆಂಟನ್ನೂ ತಿನ್ನುತ್ತದೆ, ಅಲ್ಲಿಂದ ನೀರು ಇಳಿದು ಕೆಳಗಿನ ಮನೆಯ ಸೀಲಿಂಗ್ ಒದ್ದೆಯಾದರೆ ಆಮೇಲೆ ರಿಪೇರಿ ದೊಡ್ಡ ತಲೆನೋವು ಅಲ್ವಾ. ನಲ್ಲಿಯ ಹೊಳಪೂ ಹೋಗುತ್ತದೆ.

ಮಾರ್ಬಲ್, ಮೊಸಾಯಿಕ್, ಕಡಪ ಕಲ್ಲಿನ ನೆಲಕ್ಕಂತೂ ನಿಂಬೆರಸ ಕೂಡ ಬೇಡ, ಆ ಕಲ್ಲಿನಲ್ಲೇ ಸುಣ್ಣ ಇರುತ್ತದೆ, ಮೇಲ್ಮೈ ಮಂಕಾಗುತ್ತದೆ. ಅಲ್ಲಿ ಸೋಪಿನ ನೀರು ಸಾಕು.

ಇನ್ನೊಂದು, ಇದು ಜೀವದ ವಿಷಯ: ಆ್ಯಸಿಡ್, ವಿನೆಗರ್ ಯಾವುದನ್ನೂ ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ ಅದು ತುಂಬಾ ಅಪಾಯ.