ಓದುಗರ ಪ್ರಶ್ನೆ, ಗ್ಯಾರೇಜ್ ಉತ್ತರ: ತುಕ್ಕು ಹಿಡಿದ ಡಾಟ್ಸನ್ 240ಝಡ್ ಕಾರು

ಪ್ರಶ್ನೆ: ನಮಸ್ಕಾರ ಸಾರ್, ನಾನು ಹಾಸನದ ಕಡೆಯವನು, ಈಗ ಅಮೆರಿಕದ ಮಿಷಿಗನ್‌ನಲ್ಲಿದೀನಿ. ಇಲ್ಲಿ ವಯಸ್ಸಾದೋರೊಬ್ರ ಶೆಡ್‌ನಲ್ಲಿ ವರ್ಷಗಟ್ಲೆ ನಿಂತಿದ್ದ 1972ರ ಡಾಟ್ಸನ್ 240ಝಡ್ ಸ್ಪೋರ್ಟ್ಸ್ ಕಾರು ಕಮ್ಮಿ ರೇಟಿಗೆ ಸಿಕ್ತು ಅಂತ ತಗೊಂಬಿಟ್ಟೆ. ಮಡ್‌ಗಾರ್ಡ್ ಹತ್ರ ಒಂದೆರಡು ಗುಳ್ಳೆ ಎದ್ದಿರೋದು ಬಿಟ್ರೆ ಬಾಡಿ ಚೆನ್ನಾಗೇ ಕಾಣ್ಸತ್ತೆ, ಇಂಜಿನ್ ಮಾತ್ರ ಜಾಮ್. ಮೊದ್ಲು ಇಂಜಿನ್ ರೆಡಿ ಮಾಡ್ಕೊಂಡು ಓಡಿಸ್ತಾ ಓಡಿಸ್ತಾ ಬಾಡಿ ಕೆಲ್ಸ ನೋಡ್ಕೊಳ್ಳೋಣ ಅಂತಿದೀನಿ. ಸರಿ ಹೋಗತ್ತಾ?
(ಡೆಟ್ರಾಯ್ಟ್ ಹತ್ರದ ಓದುಗರು)

ಉತ್ತರ: ಬೇಡ. ಇಂಜಿನ್ ಹತ್ರ ಈಗ್ಲೇ ಹೋಗ್ಬೇಡಿ. ನಿಮ್ಮ ಕಾರಿನ ಎಲ್24 ಇಂಜಿನ್, 2393 ಸಿಸಿ, ಆರು ಸಿಲಿಂಡರ್ ಸಾಲಾಗಿ ನಿಂತಿರೋದು, ಕಬ್ಬಿಣದ ಬ್ಲಾಕು, ಬೆಲ್ಟ್ ಬದ್ಲು ಟೈಮಿಂಗ್ ಚೈನು, ಇಷ್ಟು ಗಟ್ಟಿಮುಟ್ಟಾದ ಇಂಜಿನ್ ಕೆಟ್ಟು 240ಝಡ್ ಗುಜರಿಗೆ ಹೋಗಿದ್ದು ಅಪರೂಪ. ಈ ಕಾರುಗಳು ಸತ್ತಿರೋದು ತುಕ್ಕಿಂದ. ಅದೂ ನೀವಿರೋ ಊರು ಮಿಷಿಗನ್, ಚಳಿಗಾಲದಲ್ಲಿ ಹಿಮ ಕರಗ್ಲಿ ಅಂತ ರಸ್ತೆಗೆ ಉಪ್ಪು ಸುರೀತಾರೆ, ಆ ಉಪ್ಪುನೀರು ಕಾರಿನ ಕೆಳಗಿನ ಸಂದುಗೊಂದು ಎಲ್ಲಾ ಕಡೆ ಹೊಕ್ಕು ಕೂತಿರತ್ತೆ. ಮೇಲೆ ಎರಡು ಗುಳ್ಳೆ ಕಾಣ್ತಿದೆ ಅಂದ್ರೆ ಅದು ಒಳಗಿಂದ ತಿಂದ್ಕೊಂಡು ಹೊರಗೆ ಬಂದಿರೋದು, ಗೆದ್ದಲು ಹಿಡಿದ ಬಾಗಿಲಿಗೆ ಪೇಂಟ್ ಚೆನ್ನಾಗಿದ್ದಂಗೆ.

ಈ ಕಾರಿನ ಸಮಾಚಾರ ಸ್ವಲ್ಪ ತಿಳ್ಕೊಂಡ್ರೆ ನಾನು ಯಾಕೆ ಹಿಂಗೆ ಹೆದರಿಸ್ತಿದೀನಿ ಅಂತ ಅರ್ಥ ಆಗತ್ತೆ. 1969ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಫೇರ್‌ಲೇಡಿ ಝಡ್ ಅಂತ ಬಂತು, ಅಮೆರಿಕಕ್ಕೆ 240ಝಡ್ ಅಂತ ಹೋಯ್ತು. ಅಲ್ಲಿ ನಿಸ್ಸಾನ್ (ಡಾಟ್ಸನ್ ಅನ್ನೋದು ಈ ಕಂಪನಿಯ ಬ್ರ್ಯಾಂಡೇ) ವ್ಯಾಪಾರ ನೋಡ್ಕೋತಿದ್ದ ಯುಟಾಕ ಕಟಾಯಾಮ, ಎಲ್ರೂ ಮಿಸ್ಟರ್ ಕೆ ಅಂತಿದ್ರಲ್ಲ ಅವರೇ, ಇಂಥದ್ದೊಂದು ಕಾರು ಬೇಕೇ ಬೇಕು ಅಂತ ಹಠ ಹಿಡಿದಿದ್ರು. ಸುಮಾರು 3,500 ಡಾಲರ್‌ಗೆ 151 ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದ್ರೆ ಒಂದೊಂದು ಚಕ್ರನೂ ಬೇರೆ ಬೇರೆಯಾಗಿ ಕುಣಿಯತ್ತೆ. ತೂಕ ಒಂದು ಟನ್‌ಗಿಂತ ಚೂರು ಜಾಸ್ತಿ ಅಷ್ಟೇ. ಆ ಹಗುರ ಎಲ್ಲಿಂದ ಬಂತು ಅಂದ್ರೆ ತೆಳ್ಳನೆ ತಗಡಿಂದ, ಅದಕ್ಕೆ ಈಗಿನ ಕಾರುಗಳ ಥರ ಸತುವಿನ ಲೇಪ ಇರ್ಲಿಲ್ಲ. ಜೀಪ್ ಲಾರಿಗಳಿಗಿರೋ ಥರ ಬೇರೆ ಚಾಸಿನೂ ಇಲ್ಲ, ಬಾಡಿನೇ ಚಾಸಿ. ಹಾಗಾಗಿ ಫ್ಲೋರು ತೂತಾದ್ರೆ ಕಾಲಿಗೆ ಗಾಳಿ ಬರತ್ತೆ ಅಂತ ನಗೋ ವಿಷ್ಯ ಅಲ್ಲ, ಕಾರಿನ ಬೆನ್ನುಮೂಳೆನೇ ಹೋಯ್ತು ಅಂತ ಲೆಕ್ಕ.

ಈ ಶನಿವಾರ ಒಂದು ಅಯಸ್ಕಾಂತ, ಒಂದು ಹಳೇ ಸ್ಕ್ರೂಡ್ರೈವರ್, ಒಳ್ಳೆ ಟಾರ್ಚ್ ತಗೊಂಡು ಕೆಳಗೆ ನುಗ್ಗಿ. ಬರೀ ಜ್ಯಾಕ್ ನಂಬ್ಕೊಂಡು ಅಲ್ಲ, ಸ್ಟ್ಯಾಂಡ್ ಮೇಲೆ ಕೂರ್ಸಿ, ಅದೂ ಗಟ್ಟಿ ಇರೋ ಜಾಗ ನೋಡಿ. ಅಯಸ್ಕಾಂತ ಅಂಟದೇ ಜಾರಿದ್ರೆ ಅಲ್ಲಿ ಪುಟ್ಟಿ ಮೆತ್ತಿದಾರೆ. ಫ್ಲೋರ್ ಕೆಳಗೆ ಉದ್ದಕ್ಕೆ ಹೋಗೋ ರೈಲ್ ಇದಾವಲ್ಲ ಅವನ್ನ ಸ್ಕ್ರೂಡ್ರೈವರ್‌ನಲ್ಲಿ ಒತ್ತಿ ನೋಡಿ, ಹಿಂದಿನೋರು ಜ್ಯಾಕ್ ಕೊಟ್ಟು ಕೊಟ್ಟು ಜಜ್ಜಿರ್ತಾರೆ, ಜಜ್ಜಿದ ಕಡೆ ನೀರು ನಿಂತು ತುಕ್ಕು ಶುರು ಆಗಿರತ್ತೆ. ಬಾನೆಟ್ ಎತ್ತಿ ಬ್ಯಾಟರಿ ತೆಗೆದು ಅದರ ಟ್ರೇ ಕೆಳಗೆ ನೋಡಿ. ಐವತ್ತು ವರ್ಷ ಆಸಿಡ್ ತೊಟ್ಟಿಕ್ಕಿ ಟ್ರೇ ತಿಂದು, ಅದರ ಹಿಂದಿನ ಗೋಡೆ ತಿಂದು, ಕೆಳಗಿನ ರೈಲ್ ತನಕ ಇಳಿದಿರೋದು ಈ ಕಾರಿನಲ್ಲಿ ಮಾಮೂಲಿ. ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ಮೂಲೆ ಇದ್ಯಲ್ಲ, ಇಲ್ಲಿನೋರು ಡಾಗ್ ಲೆಗ್ ಅಂತಾರೆ, ಅಲ್ಲಿ ಚಕ್ರ ಎರಚಿದ ಮಣ್ಣು ಎರಡು ತಗಡಿನ ಮಧ್ಯೆ ತುಂಬ್ಕೊಂಡು ಒದ್ದೆಯಾಗೇ ಇರತ್ತೆ. ಸ್ಪೇರ್ ವೀಲ್ ಗುಂಡಿ, ಡಿಕ್ಕಿ ಬಾಗಿಲಿನ ರಬ್ಬರ್ ಕೆಳಗೂ ಕೈ ಹಾಕಿ ನೋಡಿ.

ಎಲ್ಲಕ್ಕಿಂತ ತಲೆನೋವಿನ ಜಾಗ ವೈಪರ್ ಕೆಳಗಿನ ಜಾಲರಿ ಒಳಗಿದೆ. ಎಲೆ ಕಸ ಬಿದ್ದು ಬಿದ್ದು ನೀರು ಹೋಗೋ ತೂತು ಕಟ್ಕೊಂಡಿರತ್ತೆ, ನೀರು ಒಳಗೇ ನಿಂತು ತಗಡು ಕೊಳೆಯತ್ತೆ, ಆಮೇಲೆ ಮಳೆ ಬಂದ್ರೆ ಸೀದಾ ಫ್ಲೋರ್ ಮೇಲೆ. ಫ್ಲೋರ್ ಕತ್ತರಿಸಿ ಹೊಸಾದು ಹಾಕಬಹುದು, ತಯಾರಾದ ತಗಡುಗಳು ಸಿಗ್ತವೆ, ಆದ್ರೆ ಈ ಜಾಗಕ್ಕೆ ಹೋಗ್ಬೇಕಂದ್ರೆ ಮೇಲಿನ ಪ್ಯಾನೆಲ್ ವೆಲ್ಡಿಂಗ್ ಬಿಡಿಸಬೇಕು. ರೈಲು, ಫ್ಲೋರು, ಬಾಗಿಲ ಕೆಳಗಿನ ಸಿಲ್ಲು, ಈ ಜಾಗ, ನಾಲ್ಕೂ ಹೋಗಿದ್ರೆ ನನ್ನ ಅಭಿಪ್ರಾಯ ಕೇಳಿ, ಕ್ಯಾಲಿಫೋರ್ನಿಯಾ ಅಥ್ವಾ ಅರಿಜೋನಾದಿಂದ ಒಣ ಬಾಡಿ ಒಂದು ಹುಡುಕಿ, ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿದ್ರೂ ಪರ್ವಾಗಿಲ್ಲ, ನಿಮ್ಮ ಕಾರಿನ ಸಾಮಾನು ಅದಕ್ಕೆ ಹಾಕೊಳ್ಳಿ. ಬೇಜಾರಾಗತ್ತೆ ಗೊತ್ತು, ಆದ್ರೆ ದುಡ್ಡೂ ಉಳಿಯತ್ತೆ, ವರ್ಷಗಳೂ ಉಳಿಯತ್ವೆ.

ಇಲ್ಲ, ಇದೇ ಕಾರು ಮಾಡ್ತೀನಿ ಅಂದ್ರೆ ಕ್ರಮ ಹೇಳ್ತೀನಿ. ಬಿಚ್ಚೋ ಮುಂಚೆ ಫೋಟೋ, ಬಿಚ್ಚಿದ ಮೇಲೆ ಬೋಲ್ಟೆಲ್ಲ ಹೆಸರು ಬರೆದ ಕವರ್‌ನಲ್ಲಿ, ಇದನ್ನ ಸೋಮಾರಿತನ ಮಾಡ್ಬೇಡಿ. ಫ್ಲೋರ್ ಮೇಲೆ ಅಂಟಿರೋ ಟಾರ್ ಶೀಟ್ ಕೆರೆದು ತೆಗೆಯೋಕೆ ಆಗಲ್ಲ, ಡ್ರೈ ಐಸ್ (ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್) ಹರಡಿ ಹತ್ತು ನಿಮಿಷ ಬಿಟ್ಟು ಸುತ್ತಿಗೆಯಲ್ಲಿ ತಟ್ಟಿದ್ರೆ ಹಪ್ಪಳ ಹಪ್ಪಳ ಎದ್ದು ಬರತ್ತೆ, ಗ್ಯಾರೇಜ್ ಬಾಗಿಲು ಮಾತ್ರ ತೆಗೆದಿರ್ಲಿ, ಕೈಗೆ ದಪ್ಪ ಗ್ಲೌಸ್ ಇರ್ಲಿ. ಆ ಕಾಲದ ಪೇಂಟಲ್ಲಿ ಸೀಸ ಇರಬಹುದು, ಒಳ್ಳೆ ಮಾಸ್ಕ್ ಇಲ್ದೆ ಉಜ್ಜಬೇಡಿ, ಮಕ್ಕಳನ್ನ ಆ ಕಡೆ ಬಿಡ್ಬೇಡಿ.

ಕತ್ತರಿಸೋ ಮುಂಚೆ ಬಾಗಿಲ ಜಾಗಕ್ಕೆ ಅಡ್ಡಡ್ಡ ಪೈಪ್ ವೆಲ್ಡ್ ಮಾಡಿ ಬಾಡಿನ ಹಿಡಿದಿಟ್ಕೊಳ್ಳಿ. ಎರಡೂ ಕಡೆ ಸಿಲ್ ಒಟ್ಟಿಗೆ ಕತ್ತರಿಸಿದೋರ ಕಾರು ಮಧ್ಯಕ್ಕೆ ಬಗ್ಗಿ, ಆಮೇಲೆ ಜನ್ಮದಲ್ಲಿ ಬಾಗಿಲು ಸರಿಯಾಗಿ ಕೂರಲ್ಲ. ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆ ಮುಟ್ಟಿ, ನಡುನಡುವೆ ಬಾಗಿಲು ಹಾಕಿ ಸಂದು ನೋಡ್ತಾ ಇರಿ. ವೆಲ್ಡಿಂಗ್ ಮಿಗ್‌ನಲ್ಲಿ (ಗನ್ನಿಂದ ವೈರು ತಾನೇ ಬರ್ತಾ ಕರಗೋ ವೆಲ್ಡಿಂಗ್), 0.6 ಮಿಮೀ ವೈರಿನಲ್ಲಿ. ಉದ್ದಕ್ಕೆ ಗೆರೆ ಎಳೆದ್ರೆ ಬಿಸಿಗೆ ತಗಡು ಸೊಟ್ಟ ಆಗತ್ತೆ, ಇಲ್ಲೊಂದು ಚುಕ್ಕೆ ಅಲ್ಲೊಂದು ಚುಕ್ಕೆ ಇಟ್ಟು ತಣ್ಣಗಾಗಕ್ಕೆ ಬಿಟ್ಟು ಮತ್ತೆ ಮಧ್ಯ ತುಂಬ್ತಾ ಬನ್ನಿ. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡೋ ತನಕ ಒಂದು ಕಿಡಿನೂ ಬೇಡ. ಖಾಲಿ ಟ್ಯಾಂಕ್ ಅಂತ ಧೈರ್ಯ ಮಾಡ್ಬೇಡಿ, ತುಂಬಿದ ಟ್ಯಾಂಕ್‌ಗಿಂತ ಪೆಟ್ರೋಲ್ ಆವಿ ತುಂಬಿರೋ ಖಾಲಿ ಟ್ಯಾಂಕೇ ಡೇಂಜರು. ಬರಿ ಲೋಹದ ಮೇಲೆ ಮೊದ್ಲು ಎಪಾಕ್ಸಿ ಪ್ರೈಮರ್, ಆಮೇಲೆ ಬೇಕಾದ್ರೆ ಪುಟ್ಟಿ, ಸಂದುಗಳಿಗೆ ಸೀಲರ್, ಪೇಂಟ್ ಎಲ್ಲ ಆದ್ಮೇಲೆ ಸಿಲ್, ರೈಲ್ ಒಳಗೆ ಪೈಪ್ ತೂರಿಸಿ ಮೇಣದ ಸ್ಪ್ರೇ.

ಇಂಜಿನ್ ಬಗ್ಗೆ ಈಗ ಇಷ್ಟು ಮಾಡಿ ಸಾಕು: ಸ್ಪಾರ್ಕ್ ಪ್ಲಗ್ ಆರೂ ಬಿಚ್ಚಿ ತೂತಿಗೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ವಾರಗಟ್ಲೆ ನೆನೆಯಕ್ಕೆ ಬಿಡಿ. ಮುಂದಿನ ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ಮೆಲ್ಲಗೆ ಆ ಕಡೆ ಈ ಕಡೆ ಅಲ್ಲಾಡಿಸಿ, ಸ್ಟಾರ್ಟರ್‌ನಲ್ಲಿ ಬಲವಂತ ಮಾಡ್ಬೇಡಿ. ನಿಮ್ದು 1972 ಆಗಿರೋದು ಪುಣ್ಯ, ಮೇಲೆ ಗುಂಡಗಿರೋ ಬ್ರಿಟಿಷ್ ಎಸ್‌ಯು ಕಾರ್ಬುರೇಟರ್ ಥರದ ಹಿಟಾಚಿ ಕಾರ್ಬುರೇಟರ್ ಎರಡು ಬಂದಿರತ್ತೆ. 1973ರಲ್ಲಿ ಹೊಗೆ ಕಾನೂನಿಗೋಸ್ಕರ ಹಾಕಿದ ಚಪ್ಪಟೆ ತಲೆಯವನ್ನ ಜನ ಕಿತ್ತು ಬಿಸಾಕಿ ಹಳೇ ಗುಂಡನೆಯವನ್ನೇ ಹುಡುಕಿ ಹಾಕ್ತಾರೆ.

ಪ್ರಶ್ನೆ: ತುಕ್ಕಿನ ಮೇಲೆ ಬಳಿದ್ರೆ ಕಪ್ಪಗಾಗೋ ರಸ್ಟ್ ಕನ್ವರ್ಟರ್ ಬರತ್ತಲ್ಲ, ಅದನ್ನ ಹಚ್ಚಿ ಪೇಂಟ್ ಹೊಡೆದ್ರೆ ಸಾಲ್ದಾ? ಇಷ್ಟೆಲ್ಲ ಕತ್ತರಿಸೋದ್ಯಾಕೆ?
(ನ್ಯೂಜೆರ್ಸಿಯ ಓದುಗರು)

ಉತ್ತರ: ಮೇಲ್ಮೇಲೆ ಕೆಂಪಗಾಗಿದ್ರೆ ಸಾಕು. ಅದರಲ್ಲಿರೋ ಫಾಸ್ಫಾರಿಕ್ ಅಥ್ವಾ ಟ್ಯಾನಿಕ್ ಆಸಿಡ್ಡು ತನಗೆ ತಾಗಿದ ತುಕ್ಕನ್ನ ಮಾತ್ರ ಬದಲಾಯಿಸತ್ತೆ, ಎರಡು ತಗಡು ಕೂಡಿರೋ ಕಡೆ ಒಳಗೆ ಹೋಗಲ್ಲ, ಹೋದ ಲೋಹನ ವಾಪಸ್ ತರಲ್ಲ. ತೂತು ಬಿದ್ದ ಕಡೆ ಒಳ್ಳೆ ತಗಡು ಸಿಗೋ ತನಕ ಕತ್ತರಿಸ್ಲೇಬೇಕು.

ಬಾಡಿನ ಪೂರ್ತಿ ಮರಳು ಬ್ಲಾಸ್ಟ್ ಮಾಡ್ಸೋಣ ಅಂತ ಮುಂದಿನ ಪ್ರಶ್ನೆ ಬರತ್ತೆ ಅಂತ ಗೊತ್ತು. ಕೆಳಗಡೆಗೆ, ದಪ್ಪ ಸಾಮಾನಿಗೆ ಸರಿ. ಬಾನೆಟ್, ಬಾಗಿಲು, ಚಾವಣಿಗೆ ಕೊಡ್ಬೇಡಿ, ತಗಡು ಅಲೆ ಅಲೆಯಾಗಿ ವಾಪಸ್ ಬರತ್ತೆ. ಸಣ್ಣ ಬ್ರಾಕೆಟ್ಟು, ಹಿಂಜುಗಳಿಗೆ ಮನೇಲೇ ಮಾಡಬಹುದು: ಪ್ಲಾಸ್ಟಿಕ್ ಬಕೆಟ್‌ನಲ್ಲಿ ನೀರು, ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್‌ನ ಮೈನಸ್ಸು ತುಕ್ಕಿನ ಸಾಮಾನಿಗೆ, ಪ್ಲಸ್ಸು ಬೇಡದ ಕಬ್ಬಿಣದ ತುಂಡಿಗೆ. ಆ ತುಂಡು ಸ್ಟೀಲ್ ಲೋಟದ ಥರ ಸ್ಟೇನ್‌ಲೆಸ್ ಆಗಿರಕೂಡದು, ವಿಷದ ಕ್ರೋಮಿಯಂ ನೀರಿಗೆ ಬಿಡತ್ತೆ. ಹೈಡ್ರೋಜನ್ ಗ್ಯಾಸ್ ಏಳತ್ತೆ, ಹಾಗಾಗಿ ಗಾಳಿ ಆಡೋ ಜಾಗದಲ್ಲಿ ಮಾಡಿ, ಹತ್ರ ಬೆಂಕಿ ಬೇಡ.

ಪ್ರಶ್ನೆ: ಸಾರ್, ನಾವು ನೈರೋಬಿಯಲ್ಲಿದೀವಿ. ಇಲ್ಲಿನ ಕಾರ್ ರೇಸು ಸಫಾರಿ ರ‍್ಯಾಲಿಯನ್ನ ನಮ್ಮ ಭಾರತೀಯ ಮೂಲದವರೊಬ್ರು ಇದೇ ಕಾರಲ್ಲಿ ಗೆದ್ದಿದ್ರು ಅಂತ ಇಲ್ಲಿ ಹಿರಿಯರು ಹೇಳ್ತಾರೆ, ನಿಜಾನಾ? ನಮ್ಮ ಕಾರಿಗೆ ಅದೇ ಥರ ಬಣ್ಣ ಹೊಡೆಸ್ಲಾ?

ಉತ್ತರ: ಪಕ್ಕಾ ನಿಜ. ಶೇಖರ್ ಮೆಹ್ತಾ, 1973ರಲ್ಲಿ. ಹುಟ್ಟಿದ್ದು ಉಗಾಂಡಾದಲ್ಲಿ, ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾದೋರನ್ನ ಓಡಿಸಿದ ಕಾಲದಲ್ಲಿ ಕೀನ್ಯಾಕ್ಕೆ ಬಂದೋರು. ಆ ವರ್ಷ ಇನ್ನೊಂದು ಡಾಟ್ಸನ್ನಲ್ಲಿದ್ದ ಹ್ಯಾರಿ ಕಾಲ್‌ಸ್ಟ್ರಮ್ ಅವ್ರದ್ದೂ ಇವ್ರದ್ದೂ ದಂಡದ ಅಂಕ ಸರಿಸಮ ಆಗಿ, ಟೈ ಬಿಡಿಸಿ ಮೆಹ್ತಾಗೆ ಗೆಲುವು ಕೊಟ್ರು, ಅಷ್ಟು ಬಿಗಿ ಇತ್ತು. ಆಮೇಲೆ 1979ರಿಂದ 1982ರ ತನಕ ಸಾಲಾಗಿ ನಾಲ್ಕು ಸಲ ಗೆದ್ರು, ಆದ್ರೆ ಅವು ಝಡ್ ಅಲ್ಲ, ಡಾಟ್ಸನ್ನಿನ ಬೇರೆ ಸೆಡಾನ್‌ಗಳು. 1971ರಲ್ಲಿ ಎಡ್ಗರ್ ಹೆರ್ಮಾನ್ ಗೆದ್ದಿದ್ದೂ 240ಝಡ್‌ನಲ್ಲೇ. ಕ್ರಿಕೆಟ್ ಸ್ಕೋರ್ ಬಾಯಿಪಾಠ ಇರೋ ನಮ್ಮ ಜನಕ್ಕೆ ಮೆಹ್ತಾ ಹೆಸರು ಗೊತ್ತಿಲ್ದೇ ಇರೋದು ನನಗಂತೂ ಹೊಟ್ಟೆ ಉರಿಯೋ ವಿಷ್ಯ.

ಕೆಂಪು ಬಾಡಿ, ಕಪ್ಪು ಬಾನೆಟ್ ಧಾರಾಳವಾಗಿ ಹೊಡೆಸಿ, ಚೆನ್ನಾಗಿ ಒಪ್ಪತ್ತೆ. ಎಕ್ಸ್‌ಟ್ರಾ ಲೈಟು, ಕಂಬಿ ಅಂತ ತಗಡಿಗೆ ತೂತು ಮಾತ್ರ ಕೊರೀಬೇಡಿ. ಕೊರೆದ ಪ್ರತಿ ತೂತೂ ತುಕ್ಕಿಗೆ ಹೊಸ ಬಾಗಿಲು, ಅದೂ ಮೊಂಬಾಸಾ ಕಡೆ ಸಮುದ್ರದ ಗಾಳಿಗೆ ಓಡಾಡಿಸೋದಿದ್ರೆ ಕೇಳ್ಲೇಬೇಡಿ.

ಪ್ರಶ್ನೆ: 2020ರಲ್ಲಿ ಒಂದು 240ಝಡ್ ಆನ್‌ಲೈನ್ ಹರಾಜಲ್ಲಿ 3,10,000 ಡಾಲರ್‌ಗೆ ಹೋಯ್ತಂತೆ. ತುಕ್ಕಿಂದು ತಗೊಂಡು ರೆಡಿ ಮಾಡಿ ಮಾರಿದ್ರೆ ಲಾಭ ಇದ್ಯಾ?
(ಟೆಕ್ಸಾಸ್‌ನ ಓದುಗರು)

ಉತ್ತರ: ಹೋಗಿದ್ದು ನಿಜ, ಆದ್ರೆ ಅದು 1971ರ ಮಾಡೆಲ್ ಕಾರು, ಕಡಿಮೆ ಮೈಲಿ ಓಡಿದ್ದು, ಯಾರೂ ಕೆಡಿಸದೇ ಕಾಪಾಡಿದ್ದು. ಹಂಗಿರೋದಕ್ಕೇ ಆ ರೇಟು, ಕತ್ತರಿಸಿ ಅಂಟಿಸಿದ್ದಕ್ಕಲ್ಲ. 1990ರ ದಶಕದಲ್ಲಿ ನಿಸ್ಸಾನ್ ಕಂಪನಿನೇ ಅಮೆರಿಕದಲ್ಲಿ ಹಳೇ 240ಝಡ್‌ಗಳನ್ನ ಕೊಂಡು, ಹೊಸದರಂಗೆ ಮಾಡ್ಸಿ, ಸುಮಾರು 25,000 ಡಾಲರ್‌ಗೆ ಶೋರೂಮಲ್ಲೇ ಮಾರಿತ್ತು. ಕೆಲವು ಡಜನ್ ಕಾರ್ ಆಗೋಷ್ಟರಲ್ಲಿ ಆ ಸ್ಕೀಮ್ ನಿಂತೋಯ್ತು. ಮಾಡಿದ ಕಂಪನಿಗೇ ಮುಂದುವರ್ಸೋಕೆ ಆಗ್ಲಿಲ್ಲ, ಗಂಟೆಗಿಷ್ಟು ಅಂತ ಕೂಲಿ ಕೊಟ್ಟು ಹೊರಗೆ ಮಾಡಿಸೋ ನೀವು ಲಾಭ ಎಲ್ಲಿಂದ ತರ್ತೀರಾ ಹೇಳಿ. ಓಡ್ಸೋ ಆಸೆ ಇದ್ರೆ ತಗೊಳ್ಳಿ, ಮಾರೋ ಆಸೆ ಇದ್ರೆ ಬ್ಯಾಂಕಲ್ಲಿ ಎಫ್‌ಡಿ ಇಡಿ.

ಪ್ರಶ್ನೆ: ಅಣ್ಣಾ, ಹಿಂದಿನ ಸಸ್ಪೆನ್ಷನ್ ಬುಷ್ ಬದಲಾಯಿಸಣ ಅಂತ ಕೂತೆ, ಕೆಳಗಿನ ಆರ್ಮ್‌ಗೆ ಹಾಕಿರೋ ಉದ್ದ ಪಿನ್ನು ಜಪ್ಪಯ್ಯ ಅಂದ್ರೂ ಬರ್ತಿಲ್ಲ. ಸುತ್ತಿಗೆಯಲ್ಲಿ ಹೊಡೆದು ಹೊಡೆದು ಸಾಕಾಯ್ತು. ಸ್ಕ್ರೂಗಳ ತಲೆನೂ ಸವೆದು ಹೋಗ್ತಿವೆ.
(ಟೊರಾಂಟೊ ಓದುಗರು)

ಉತ್ತರ: ತಮ್ಮಾ, ಮೊದ್ಲು ಸುತ್ತಿಗೆ ಕೆಳಗಿಡು. ಸ್ಪಿಂಡಲ್ ಪಿನ್ ಅಂದ್ರೆ ಝಡ್ ಇಟ್ಕೊಂಡಿರೋ ಪ್ರತಿಯೊಬ್ರೂ ಬೈದಿರೋ ಸಾಮಾನದು. ಪಿನ್ನಿನ ಮಧ್ಯಕ್ಕೆ ಒಂದು ಸಣ್ಣ ಲಾಕ್ ಬೋಲ್ಟ್ ಅಡ್ಡ ಕೂತಿರತ್ತೆ, ಅದನ್ನ ತೆಗೀದೇ ಎಷ್ಟು ಹೊಡೆದ್ರೂ ಅಲ್ಲಾಡಲ್ಲ, ಹೊಡೆತಕ್ಕೆ ಥ್ರೆಡ್ ಇರೋ ತುದಿ ಮಾತ್ರ ಹೂವಿನಂಗೆ ಅರಳ್ಕೊಂಡು ಇನ್ನೂ ಬಿಗಿಯಾಗತ್ತೆ. ಲಾಕ್ ತೆಗೆದು, ಆಯಿಲ್ ಬಿಟ್ಟು, ಬಿಸಿ ಮಾಡಿ, ಸ್ಪಿಂಡಲ್ ಪಿನ್‌ಗೇ ಅಂತ ಬರೋ ಪುಲ್ಲರ್ ಹಾಕಿ ಎಳಿ. ಆಗ್ಲೂ ಬರದಿದ್ರೆ ಎರಡೂ ಕಡೆ ಆರ್ಮ್ ಮತ್ತೆ ಚಕ್ರ ಹಿಡಿದಿರೋ ಎರಕದ ಭಾಗದ ನಡುವಿನ ಸಂದಿನಲ್ಲಿ ಗರಗಸ ಹಾಕಿ ಪಿನ್ ಕತ್ತರಿಸಿ, ಉಳಿದ ತುಂಡನ್ನ ವರ್ಕ್‌ಶಾಪ್ ಪ್ರೆಸ್ಸಲ್ಲಿ ಒತ್ತಿಸು. ಹೊಸ ಪಿನ್ ಹಾಕುವಾಗ ಆ್ಯಂಟಿ ಸೀಜ್ ಗ್ರೀಸ್ ದಂಡಿಯಾಗಿ ಮೆತ್ತು.

ಸ್ಕ್ರೂ ವಿಷ್ಯ: ಅವು ಜಿಸ್ (JIS, ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯವು, ನೋಡಕ್ಕೆ ನಮ್ಮ ಸ್ಟಾರ್ ಸ್ಕ್ರೂ ಥರನೇ ಇದ್ರೂ ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಪೂರ್ತಿ ಒಳಗೆ ಕೂರಲ್ಲ, ಬಲ ಹಾಕಿದ ತಕ್ಷಣ ಜಾರಿ ತಲೆ ಸವೆಸತ್ತೆ. ಜಿಸ್ ಅಂತ ಕೇಳಿ ಒಂದು ಸೆಟ್ ತರ್ಸ್ಕೋ, ಜಾಸ್ತಿ ಖರ್ಚಿಲ್ಲ. ತಲೆ ಆಗ್ಲೇ ಹೋಗಿರೋದಕ್ಕೆ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಒಂದೇಟು ಕೊಡು, ಅದಕ್ಕೆ ಬೇಕಾದ್ರೆ ಸುತ್ತಿಗೆ ತಗೋಬಹುದು.